ಎಡದ ಹೂವು

ಮೊದಲು ಬಿದ್ದದ್ದು ಎಡದ ಹೂವು, ಅತ್ತೆ. ಬಲದ್ದಲ್ಲ. ನೀವು ಕಣ್ಣು ಮುಚ್ಚಿ ಕೈಮುಗಿದು ಕೂತಿದ್ದಿರಿ. ಪಕ್ಕದಲ್ಲಿದ್ದ ನಾನು ಅದನ್ನು ಥಟ್ಟನೆ ಎತ್ತಿ, ಬೆರಳಿಂದ ನೀರು ಹಚ್ಚಿ, ದೇವಿಯ ಎಡ ಭುಜಕ್ಕೆ ಮತ್ತೆ ಅಂಟಿಸಿಬಿಟ್ಟೆ. ನೀರು ಸ್ವಲ್ಪ ಜಾಸ್ತಿಯೇ ಹಚ್ಚಿದೆ. ಆಮೇಲೆ ಬಲದ್ದು ಬಿತ್ತು, ನೀವು ಕಣ್ಣು ತೆರೆದಿರಿ, ಇಡೀ ಮನೆ ಕುಣಿಯಿತು. ಹೋದ ಬೇಸಿಗೆಯಿಂದ ಈ ಮಾತು ನನ್ನಲ್ಲೇ ಉಳಿದಿದೆ.

ಮೊದಲು ಬಲದ್ದು ಬಿದ್ದರೆ ಆಗಲಿ, ಎಡದ್ದು ಬಿದ್ದರೆ ಬೇಡ — ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನಾನು ನೋಡಿದ್ದು ಇದನ್ನೇ. ಮನೆಯ ಮಗ್ಗಕ್ಕೆ ಹೊಸ ಹಾಸುನೂಲು ಏರಿಸಬೇಕೇ, ಯಾರದಾದರೂ ಮನೆಗೆ ಹೆಣ್ಣು ನೋಡಲು ಹೋಗಬೇಕೇ, ನೀವು ಬನಶಂಕರಿಯ ಮೂರ್ತಿಯ ಎರಡೂ ಭುಜಕ್ಕೆ ಒಂದೊಂದು ಒದ್ದೆ ಮಲ್ಲಿಗೆ ಅಂಟಿಸಿ ಕೇಳುತ್ತೀರಿ. ನೀವು ದೇವಿಯನ್ನು ಕೇಳದೆ ನಮ್ಮೂರು ಬೆಟಗೇರಿ ದಾಟಿದವರಲ್ಲ. ಅಂಥವರ ಪಕ್ಕದಲ್ಲಿ ಕೂತು ನಾನು...

ಎಲ್ಲಕ್ಕೂ ಮೂಲ ನಿಮ್ಮ ಮಗನ ಹಳದಿ ಟೆಂಪೊ. ವರ್ಷವೆಲ್ಲ ಶಾಲೆಯ ಮಕ್ಕಳನ್ನು ತುಂಬಿಕೊಂಡು ಓಡುವ ಗಾಡಿ, ಬೇಸಿಗೆ ರಜೆಯಲ್ಲಿ ಮನೆ ಮುಂದೆ ಬಿಸಿಲು ಕಾಯುತ್ತ ನಿಂತಿತ್ತು. ಇವರು ತಲೆಯಲ್ಲಿ ಹುಳ ಬಿಟ್ಟುಕೊಂಡರು: ಸೀಟು ಬಿಚ್ಚಿ, ಹಲಗೆ ಹೊಡೆದು, ಗಾದಿ ಹಾಸಿ, ಮೂಲೆಯಲ್ಲಿ ಒಲೆ ಇಟ್ಟು, ಅದನ್ನೇ ಮನೆ ಮಾಡಿಕೊಂಡು ಚಿಕ್ಕಮಗಳೂರಿಗೆ ಹೋಗುವುದು. ನೀವು ಕೇಳಿದ ತಕ್ಷಣ ನಕ್ಕುಬಿಟ್ಟಿರಿ.

"ಗುಡ್ಡಾ ನೋಡಾಕ ಅಲ್ಲಿತನಾ ಯಾಕ ಹೋಗಬೇಕೋ? ನನ್ನ ತವರುಮನಿ ಹಿರೇವಡ್ಡಟ್ಟ್ಯಾಗ ಹಿತ್ತಲಕ ನಿಂತ್ರ ಕಪ್ಪತಗುಡ್ಡಾ ಕಾಣತೈತಿ."

"ಅಲ್ಲಿ ಮೋಡ ಕಾಲಬುಡಕ ಬರ್ತಾವಬೇ ಅವ್ವಾ."

"ಬಂದ್ರ? ನಾ ಅವಕ್ಕೇನ್ ಚಾ ಕಾಸಿ ಕೊಡ್ಲೇನು?"

ಬಾಯಲ್ಲಿ ಬ್ಯಾಡ ಬ್ಯಾಡ ಅನ್ನುತ್ತಲೇ ನಿಮ್ಮ ಕೈ ಮಾತ್ರ ಸುಮ್ಮನಿರಲಿಲ್ಲ. ಕಟಕ ರೊಟ್ಟಿ ಬಡಿದು ಬಿಳಿ ಬಟ್ಟೆಯಲ್ಲಿ ಕಟ್ಟಿದಿರಿ. ಶೇಂಗಾ ಹಿಂಡಿ, ಅಗಸಿ ಹಿಂಡಿ ಎಂದು ಚಟ್ನಿಪುಡಿಗಳು ಡಬ್ಬಿ ತುಂಬಿದವು. ಒಲೆ ಬಾಗಿಲ ಕಡೆ ಇದ್ದರೆ ಗಾಳಿಗೆ ಉರಿ ನಿಲ್ಲುವುದಿಲ್ಲ ಎಂದು ಹಲಗೆ ಕೀಳಿಸಿ ಮತ್ತೆ ಹೊಡೆಸಿದಿರಿ. ಹೇಗೆ ಕಾಣುತ್ತದೋ ನೋಡೋಣ ಎಂದು ಒಂದು ಮಧ್ಯಾಹ್ನ ನಿಂತ ಗಾಡಿಯಲ್ಲೇ ಎಲ್ಲರೂ ಊಟಕ್ಕೆ ಕೂತೆವು. ಎದುರು ಮನೆಯಾಕೆ ಇಣುಕಿ, "ಎಲ್ಲಿಗೆ ಹೊಂಟೀರ್ರೀ?" ಎಂದರೆ ನೀವು ತುತ್ತು ನುಂಗಿ ಹೇಳಿದಿರಿ, "ಸದ್ಯಕ್ಕ ಎಲ್ಲೀಗೂ ಇಲ್ಲವಾ, ಊಟಾ ಮಾಡಾಕ ಕುಂತೀವಿ." ನಕ್ಕೂ ನಕ್ಕೂ ನನ್ನ ಸಣ್ಣ ಮಗಳ ಮೂಗಿಗೆ ಮಜ್ಜಿಗೆ ಏರಿತು.

ಎಲ್ಲ ತಯಾರಾದ ಮೇಲೆ ನೀವು ಆ ಮಾತು ಹೇಳಿದಿರಿ. "ಇನ್ನ ದೇವಿ ಹೂ ಕೊಟ್ರ ಹೊಂಡೂದು. ಕೊಡಲಿಲ್ಲಂದ್ರ ಗಾದಿ ಇಳಸ್ರಿ."

ಹೊರಗೆ ಮಕ್ಕಳು ಗಾಡಿಯ ಸುತ್ತ ಓಡುತ್ತಿದ್ದರು. ಒಳಗೆ ನಾವಿಬ್ಬರೇ. ಎಡದ ಹೂವು ಜಾರಿ ನನ್ನ ಮೊಣಕಾಲ ಹತ್ತಿರವೇ ಬಿತ್ತು. ಮಕ್ಕಳ ಮುಖ ನೆನೆದು ಹಾಗೆ ಮಾಡಿದೆ ಎನ್ನಬಹುದಿತ್ತು — ಆದರೆ ಅದು ಖರೆ ಅಲ್ಲ. ನನಗೇ ಹೋಗಬೇಕಿತ್ತು. ಅಡರಕಟ್ಟಿಯಿಂದ ಬೆಟಗೇರಿಗೆ ಮದುವೆಯಾಗಿ ಬಂದದ್ದೇ ಆವರೆಗಿನ ನನ್ನ ದೊಡ್ಡ ಪ್ರಯಾಣ. ಹೂವು ಕೈಗೆ ಬಂದಾಗ ನಾನು ಯೋಚಿಸಲೂ ಇಲ್ಲ.

ಆ ಪ್ರವಾಸವನ್ನು ಏನೆಂದು ಹೇಳಲಿ! ಅಡರಕಟ್ಟಿಯಲ್ಲಿ ನನ್ನ ತವರಿನವರು ಗಾಡಿ ಹತ್ತಿ ಇಳಿದು, ಗಾದಿ ಒತ್ತಿ ನೋಡಿ, ಒಂದು ಚೀಲ ಮಾವಿನಹಣ್ಣು ಒಳಗೆ ತಳ್ಳಿದರು. ದಾರಿಯುದ್ದಕ್ಕೂ ಸಿಕ್ಕ ಮರದ ನೆರಳೆಲ್ಲ ನಮ್ಮ ಮನೆಯೇ ಆಯಿತು. ಚಿಕ್ಕಮಗಳೂರು ಮುಟ್ಟಿದ ಮರುದಿನ ಗುಡ್ಡ ಹತ್ತಿದೆವು. ನೀವು ಸೆರಗಿನಿಂದ ಕಿವಿ ಮುಚ್ಚಿಕೊಂಡು ನಿಂತಿದ್ದಿರಿ. ಕೆಳಗಿನಿಂದ ಬೆಳ್ಳಗೆ ಎದ್ದು ಬಂದದ್ದು ನಿಮ್ಮ ಸೀರೆಯ ಅಂಚು ಮುಟ್ಟಿತು. ನೀವು ನನ್ನ ಕೈ ಗಟ್ಟಿಯಾಗಿ ಹಿಡಿದು ಕೂಗಿದಿರಿ, "ಚಾ ಇಡ ರೇಣುಕಾ, ಚಾ ಇಡ! ಮೋಡ ಬಂದಾವ!" ನಿಮ್ಮ ಕಣ್ಣಲ್ಲಿ ನೀರಿತ್ತು. ಅಷ್ಟು ಸಂತೋಷ ನಾನು ಆ ಮುಖದಲ್ಲಿ ಹಿಂದೆ ಕಂಡಿರಲಿಲ್ಲ.

ನನಗೂ ಸಂತೋಷವೇ, ಅತ್ತೆ. ಆದರೆ ಗಾಡಿ ಒಂದು ಸಲ ಕೆಮ್ಮಿದರೂ ನನಗೆ ಆ ಎಡದ ಹೂವೇ ನೆನಪಾಗುತ್ತಿತ್ತು. ಟೈರು ಪಂಕ್ಚರ್ ಆದಾಗಲಂತೂ ಬಂತು ನೋಡು ಎಂದುಕೊಂಡೆ. ಕೊನೆಗೂ ಏನೂ ಆಗಲಿಲ್ಲ. ಏನಾದರೂ ಆಗಿದ್ದರೆ ಹೆದರಿಯಾದರೂ ಆವತ್ತೇ ಹೇಳಿಬಿಡುತ್ತಿದ್ದೆ. ಎಲ್ಲ ಚೆನ್ನಾಗಿಯೇ ಆದದ್ದರಿಂದ ಹೇಳುವುದು ಇನ್ನೂ ಕಷ್ಟವಾಯಿತು. ನೀವು ಓಣಿಯವರಿಗೆಲ್ಲ "ದೇವಿನೇ ಕಳಿಸ್ಯಾಳ" ಎಂದು ಹೇಳುವಾಗ ನಾನು ಒಳಗೆ ಹೋಗಿ ಇಲ್ಲದ ಕೆಲಸ ಹುಡುಕುತ್ತಿದ್ದೆ.

ಈಗ ಮತ್ತೆ ಬೇಸಿಗೆ. ಮತ್ತೆ ಸೀಟು ಬಿಚ್ಚಿಯಾಗಿದೆ. ಈ ಸಲ ಮಡಿಕೇರಿ, ಅದೂ ನೀವೇ ಎತ್ತಿದ ಹೆಸರು. ಒಲೆ, ಗಾದಿ, ರೊಟ್ಟಿ ಗಂಟು ಎಲ್ಲದಕ್ಕೂ ಈಗ ನೀವೇ ಯಜಮಾನ್ತಿ. ನಿನ್ನೆ ಮಲ್ಲಿಗೆ ಕಟ್ಟುತ್ತ ಕೂತವರು ತಲೆ ಎತ್ತದೆ ಹೇಳಿದಿರಿ, "ಈ ಸಲ ಹೂ ನೀನ ಇಡು, ರೇಣುಕಾ. ನಿನ್ನ ಕೈಗುಣ ಛಲೋ ಐತಿ. ಇನ್ನ ಮುಂದ ಈ ಮನ್ಯಾಗ ಕೇಳೂದೆಲ್ಲಾ ನೀನ ಕೇಳಬೇಕು."

ಈ ಕೈಗುಣ! ನಾನು ದಾರ ಎಳೆದು ನಿಮಗೆ ಮುಂದಿನ ಹೂ ಎತ್ತಿಕೊಟ್ಟೆ. ನಾಳೆ ನಾನು ಹೂ ಇಟ್ಟರೆ ಸುಳ್ಳು ಅಲ್ಲಿಗೇ ಮುಗಿಯುವುದಿಲ್ಲ — ಮಕ್ಕಳ ಮದುವೆಯತನಕ, ನೀವು ನಂಬುವ ಪ್ರತಿ ಮಾತಿನತನಕ...

ಆದ್ದರಿಂದ ನಾಳೆ ಬೆಳಿಗ್ಗೆ, ದೇವರ ಮುಂದೆ ಕೂರುವ ಮೊದಲು, ಇಲ್ಲಿ ಬರೆದದ್ದನ್ನೆಲ್ಲ ನಿಮ್ಮ ಎದುರು ಬಾಯಿಬಿಟ್ಟು ಹೇಳುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ. ಮಾತು ಬಿಟ್ಟರೆ, ನೀವು ಮತ್ತೆ ಮಾತಾಡುವತನಕ ಕಾಯುತ್ತೇನೆ. ಹೂವು ಮಾತ್ರ ನೀವೇ ಇಡಿ. ಬಲದ್ದು ಬಿದ್ದರೆ ಮಡಿಕೇರಿ. ಎಡದ್ದು ಬಿದ್ದರೆ ಮಕ್ಕಳಿಗೆ ನಾನೇ ಹೇಳುತ್ತೇನೆ, ಗಾದಿ ಇಳಿಸುವ ಮುಂಚೆ ಮನೆ ಮುಂದೆಯೇ ಗಾಡಿಯಲ್ಲಿ ಕೂತು ರೊಟ್ಟಿ ತಿನ್ನೋಣ. ಚಹಾ ನಾನು ಇಡುತ್ತೇನೆ.

ಒಂದೇ ಬೇಡಿಕೆ, ಅತ್ತೆ. ನಾನು ಪಕ್ಕದಲ್ಲೇ ಕೂತಿರುತ್ತೇನೆ. ಈ ಸಲ ಕಣ್ಣು ಮುಚ್ಚಬೇಡಿ.