ಐವತ್ತನೇ ಹೆಸರು

ದುರ್ಗಿಗುಡಿಯ ವಾಚನಾಲಯದಲ್ಲಿ ಅಬ್ದುಲ್ ವಹಾಬ್ ಇಪ್ಪತ್ತೆರಡು ವರ್ಷ ತಲೆ ಎಣಿಸಿದರು. ಮಾತಿಗೆ ಹೇಳುತ್ತಿಲ್ಲ, ನಿಜವಾಗಿ ತಲೆಯನ್ನೇ ಎಣಿಸಿದರು. ಒಳಗೆ ಬರುವವರು ಬಾಗಿಲ ಬಳಿ ಪುಸ್ತಕದಲ್ಲಿ ರುಜು ಹಾಕಬೇಕು, ಹೋಗುವಾಗ ಅದರ ಮುಂದೆ ಒಂದು ಗೀಟು ಎಳೆಯಬೇಕು. ಸಂಜೆ ಐದಕ್ಕೆ ವಹಾಬ್ ಎದ್ದು ನಿಂತು ಬೆಂಚುಗಳ ಮೇಲಿದ್ದವರನ್ನು ಎಣಿಸುತ್ತಿದ್ದರು. ಗೀಟಿಲ್ಲದ ರುಜುಗಳು ಎಷ್ಟೋ ತಲೆಗಳೂ ಅಷ್ಟೇ ಇರಬೇಕು. ಒಂದು ಹೆಚ್ಚುಕಮ್ಮಿಯಾದರೂ ಮನುಷ್ಯನಿಗೆ ರಾತ್ರಿ ಊಟ ಸೇರುತ್ತಿರಲಿಲ್ಲ. ಊರಿನವರು ಬೆನ್ನ ಹಿಂದೆ ‘ಎಣಿಕೆ ಸಾಬ್ರು’ ಎಂದು ನಗುತ್ತಿದ್ದರು. ಅವರ ಕಿವಿಗೆ ಬಿದ್ದರೂ ಬೇಜಾರಿರಲಿಲ್ಲ.

ಅವರಿಗೆ ಒಬ್ಬನೇ ಒಬ್ಬ ಜೀವದ ಗೆಳೆಯ, ಭದ್ರಾವತಿಯ ಸುಬ್ಬಪ್ಪ. ಹಗಲು ಕಾರ್ಖಾನೆಯಲ್ಲಿ ಗುಮಾಸ್ತ, ಸಂಜೆ ನ್ಯೂ ಟೌನಿನ ಒಂದು ತಗಡಿನ ಕೋಣೆಯಲ್ಲಿ ತಾನೇ ತೆರೆದ ವಾಚನಾಲಯದ ಮಾಲೀಕ, ಜವಾನ, ಎಲ್ಲವೂ. ಪುಸ್ತಕಗಳಿಗೆ ತಾರೀಖಿನ ಸೀಲು ಒತ್ತಿ ಒತ್ತಿ ಅವನ ಬಲಗೈ ಹೆಬ್ಬೆರಳು ಯಾವಾಗಲೂ ನೀಲಿ. ಭಾನುವಾರ ಬೆಳಗಿನ ರೈಲಿಗೆ ಶಿವಮೊಗ್ಗಕ್ಕೆ ಬಂದು, ವಹಾಬರ ವಾಚನಾಲಯದ ಕೊನೆಯ ಬೆಂಚಿನಲ್ಲಿ ಕೂತು, ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಓದುತ್ತಿದ್ದ. ಜಿಲ್ಲೆಯ ಚಿಕ್ಕಪುಟ್ಟ ವಾಚನಾಲಯದವರನ್ನೆಲ್ಲ ಸೇರಿಸಿ ಒಂದು ಸಂಘ ಕಟ್ಟಿದವರು ಇವರಿಬ್ಬರೇ.

ಸುಬ್ಬಪ್ಪನದೊಂದು ವಿಚಿತ್ರ ನಿಯಮವಿತ್ತು. ಓದುಗ ಸತ್ತರೂ, ಅವನು ಒಯ್ದ ಪುಸ್ತಕ ವಾಪಸು ಬರುವ ತನಕ ಅವನ ಕಾರ್ಡು ತೆಗೆಯಬಾರದು.

“ಪುಸ್ತಕ ಅವನ ಹತ್ರ ಇದೆ ಅಂದ್ರೆ ಇನ್ನೂ ಓದ್ತಿದಾನೆ ಅಂತ ಮಾರಾಯ,” ಎನ್ನುತ್ತಿದ್ದ. “ಓದ್ತಾ ಇರೋನನ್ನ ಎಬ್ಬಿಸಿ ಕಳಿಸೋಕೆ ನಾವ್ಯಾರು?”

ಸಂಘದಲ್ಲಿ ಎಲ್ಲರೂ ನಗುತ್ತಲೇ ಇದನ್ನು ಒಪ್ಪಿಕೊಂಡಿದ್ದರು.

ಸಾವಿರದ ಒಂಬೈನೂರ ಅರವತ್ತೊಂದರ ಆಷಾಢದಲ್ಲಿ ಜ್ವರ ಬಂದು, ಮೂರೇ ದಿನಕ್ಕೆ ಸುಬ್ಬಪ್ಪ ಹೋಗಿಬಿಟ್ಟ. ವಹಾಬರ ವಾಚನಾಲಯದಿಂದ ಅವನು ಒಯ್ದಿದ್ದ ಹಕ್ಕಿಗಳ ಪುಸ್ತಕವೊಂದು ಅವನ ಹೆಸರಿನಲ್ಲೇ ಉಳಿಯಿತು. ಹೆಂಡತಿ ಜಲಜಮ್ಮ ಮನೆಯೆಲ್ಲ ತಡಕಿದರೂ ಸಿಗಲಿಲ್ಲ. ನಿಯಮದಂತೆ ಕಾರ್ಡು ಡಬ್ಬಿಯಲ್ಲೇ ಇತ್ತು.

ಕಾರ್ತಿಕದಲ್ಲಿ ದೆಹಲಿಯಿಂದ ಕಾಗದ ಬಂತು. ದೇಶದ ಗ್ರಂಥಾಲಯ ಸಂಘಗಳ ಮಹಾಮಂಡಲಿ ಸರ್ಕಾರಗಳಿಗೊಂದು ಶಿಫಾರಸು ಕಳಿಸಲಿದೆ. ಒಂದು ಕೋಣೆಯ ವಾಚನಾಲಯಗಳನ್ನೂ ಗ್ರಂಥಾಲಯವೆಂದು ಎಣಿಸಬೇಕೋ ಬೇಡವೋ ಎಂದು ಮತಕ್ಕೆ ಹಾಕುತ್ತಾರೆ. ಎಣಿಸಿದರೆ ಸರ್ಕಾರದ ಪುಸ್ತಕ ಬರಬಹುದು. ಎಣಿಸದಿದ್ದರೆ ದುರ್ಗಿಗುಡಿ, ನ್ಯೂ ಟೌನು, ಕೋಟೆ ಎಲ್ಲ ಕಡೆಯೂ ಇಂದಲ್ಲ ನಾಳೆ ಬೀಗ. ಮತ ಹಾಕುವ ಹಕ್ಕು ಮಾತ್ರ ಐವತ್ತು ಸದಸ್ಯರಿರುವ ಸಂಘಕ್ಕಷ್ಟೇ. ವಹಾಬ್ ಎಣಿಸಿದರು. ನಲವತ್ತೊಂಬತ್ತು. ಮತ್ತೆ ಎಣಿಸಿದರು. ಎಣಿಸಿದರೆ ಮನುಷ್ಯರು ಮರಿ ಹಾಕುತ್ತಾರೆಯೇ? ನಲವತ್ತೊಂಬತ್ತೇ.

ಜೀವಮಾನದಲ್ಲಿ ಒಂದು ತಲೆ ತಪ್ಪದ ಮನುಷ್ಯ ಆ ಮಧ್ಯಾಹ್ನ ತಪ್ಪಿದರು. ‘ಕಾರ್ಡು ಇದೆಯಲ್ಲ, ನಿಯಮವೂ ಇದೆಯಲ್ಲ’ ಎಂದು ಮನಸ್ಸಿಗೆ ಸಮಾಧಾನ ಹೇಳಿ, ಪಟ್ಟಿಯ ಕೊನೆಯಲ್ಲಿ ಐವತ್ತನೆಯದಾಗಿ ಸುಬ್ಬಪ್ಪನ ಹೆಸರು ಬರೆದರು. ಚಹಾ ತಂದ ಹೆಂಡತಿ ಹಾಜರಾ ಅದನ್ನು ನೋಡಿ ಅಲ್ಲೇ ನಿಂತಳು.

“ಸತ್ತೋರನ್ನ ಹೆಸರು ಹಿಡಿದು ಕರೀಬಾರ್ದು ರೀ. ಬಂದ್ಬಿಡ್ತಾರೆ.”

“ನಿಂದೊಂದು. ಇದು ಬರೀ ಪಟ್ಟಿ,” ಎಂದು ವಹಾಬ್ ಲಕೋಟೆಗೆ ಅಂಟು ಹಚ್ಚಿದರು.

ಕಾಗದ ಟಪಾಲಿಗೆ ಬಿದ್ದ ದಿನವೇ ಸಂಜೆ ಐದಕ್ಕೆ ಗೀಟಿಲ್ಲದ ರುಜು ಇಪ್ಪತ್ತೇಳು, ತಲೆ ಇಪ್ಪತ್ತೆಂಟು. ಯಾರೋ ರುಜು ಹಾಕದೆ ಕೂತಿದ್ದಾರೆ ಎಂದುಕೊಂಡರು. ಮರುದಿನ ಮೂವತ್ತು, ಮೂವತ್ತೊಂದು. ಅದರ ಮರುದಿನವೂ ಒಂದು ಹೆಚ್ಚು. ನಾಲ್ಕನೇ ದಿನ ತಡೆಯಲಾರದೆ, ದಿನಾ ಬರುವ ನಿವೃತ್ತ ಮೇಷ್ಟ್ರು ರಂಗಪ್ಪನವರ ಕೈಯಲ್ಲಿ ಎಣಿಕೆ ಮಾಡಿಸಿದರು. ಮೇಷ್ಟ್ರು ಬೆರಳು ಮಡಚುತ್ತ ಇಪ್ಪತ್ತಾರು ಎಂದರು. ಪುಸ್ತಕದಲ್ಲಿದ್ದದ್ದು ಇಪ್ಪತ್ತೈದು.

“ಹಂಗಾದ್ರೆ ಒಬ್ಬೊಬ್ಬರ ಹೆಸರು ಹೇಳ್ತಾ ಬನ್ನಿ ಮೇಷ್ಟ್ರೆ.”

ರಂಗಪ್ಪನವರು ಮೊದಲ ಬೆಂಚಿನಿಂದ ಹೆಸರು ಹೇಳುತ್ತ ಬಂದರು. ಇಪ್ಪತ್ತೈದಕ್ಕೆ ಹೆಸರು ಮುಗಿಯಿತು. ಮುಖ ಮುಖ ನೋಡಿಕೊಂಡರು. ಹೆಸರಿಲ್ಲದೆ ಬೆರಳಿನಿಂದ ಎಣಿಸಿದರೆ ಮತ್ತೆ ಇಪ್ಪತ್ತಾರು.

“ನನ್ನ ಕನ್ನಡಕ ಬದಲಾಯಿಸ್ಬೇಕು ಸಾಬ್ರೆ,” ಎಂದು ಮೇಷ್ಟ್ರು ಗೀಟು ಎಳೆಯುವುದನ್ನೂ ಮರೆತು ಹೊರಟುಹೋದರು. ಎಲ್ಲರೂ ಹೋದ ಮೇಲೆ ವಹಾಬ್ ಕೊನೆಯ ಬೆಂಚಿನ ಬಳಿ ಬಂದರು. ಅಂದಿನ ಪತ್ರಿಕೆ ನಾಲ್ಕು ಮಡಿಕೆಯಾಗಿತ್ತು. ಮೂಲೆಯಲ್ಲಿ ನೀಲಿ ಹೆಬ್ಬೆಟ್ಟಿನ ಗುರುತು. ಮುಟ್ಟಿದರೆ ಶಾಯಿ ಇನ್ನೂ ಹಸಿ. ಅವರಿಗೆ ಹೆದರಿಕೆಯಾಯಿತು, ನಿಜ. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಮಲಗಿದ್ದ ಗೆಳೆಯನನ್ನು ಸ್ವಂತ ಕೆಲಸಕ್ಕೆ ಎಬ್ಬಿಸಿದಂತಾಗಿತ್ತು.

ಆದರೂ ದೆಹಲಿಗೆ ಹೋದರು. ಬೀರೂರಿನಲ್ಲಿ ಗಾಡಿ ಬದಲಿಸಿ ಕೂತಾಗ, ಎದುರಿನ ಜಾಗ ಖಾಲಿಯಿದ್ದರೂ ಹತ್ತಿದವರೆಲ್ಲ “ಇಲ್ಲಿ ಜನ ಇದಾರೆ” ಎಂದು ಮುಂದೆ ಹೋಗುತ್ತಿದ್ದರು. ವಹಾಬ್ ಯಾರನ್ನೂ ಕರೆದು ಕೂರಿಸಲಿಲ್ಲ.

ಮಾರ್ಗಶಿರದ ಚಳಿ. ಡಿಸೆಂಬರ್ ಹತ್ತೊಂಬತ್ತು, ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಸಭೆ. ದೊಡ್ಡ ದೊಡ್ಡ ಊರುಗಳ ಕೋಟುಧಾರಿಗಳು ಮಾತಾಡಿದರು. ಒಂದು ಕೋಣೆ, ನಾಲ್ಕು ಬೆಂಚು ಇದ್ದ ಮಾತ್ರಕ್ಕೆ ಗ್ರಂಥಾಲಯವಾಗುವುದಾದರೆ ಕ್ಷೌರದಂಗಡಿಯೂ ಗ್ರಂಥಾಲಯವೇ ಎಂದು ಒಬ್ಬರು ನಗಿಸಿದರು. ವಹಾಬರ ಮೈ ಉರಿಯಿತು. ತಮ್ಮ ಸರದಿ ಬಂದಾಗ ಎದ್ದು, ತಮಗೆ ಬರುವ ಉರ್ದುವಿನಲ್ಲೇ ಹೇಳಿದರು: ಕುಲುಮೆ ಮುಂದೆ ಬೆಂದು ಬಂದ ಕೆಲಸಗಾರ ಕೈ ತೊಳೆದು ತಗಡಿನ ಕೋಣೆಗೆ ಬಂದು ಪುಸ್ತಕ ಹಿಡಿಯುತ್ತಾನೆ. ಅವನನ್ನು ಎಣಿಸದ ದೇಶ ಇನ್ಯಾರನ್ನು ಎಣಿಸುತ್ತದೆ? ಅದು ಸುಬ್ಬಪ್ಪನ ಮಾತು.

ಆಮೇಲೆ ಹಾಜರಿ ಪುಸ್ತಕ ಸುತ್ತಿ ಬಂತು. ರುಜು ಹಾಕಲು ಪೆನ್ನೆತ್ತಿದ ವಹಾಬರ ಕೈ ನಿಂತಿತು. ‘ಶಿವಮೊಗ್ಗ’ ಎಂಬ ಸಾಲಿನಲ್ಲಿ ಆಗಲೇ ಒಂದು ಕನ್ನಡ ರುಜುವಿತ್ತು. ಕೆಳಗೆ ಎರಡು ಅಡ್ಡಗೀಟು ಎಳೆದು ಚುಕ್ಕೆ ಇಡುವ ಆ ರುಜುವನ್ನು ಅವರು ಎಂಟು ವರ್ಷ ನೋಡಿದ್ದರು.

ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಕೈ ಎತ್ತಿದರೆ ಸುಳ್ಳಿನ ಮತ. ಎತ್ತದಿದ್ದರೆ ಊರಿನ ಬೆಂಚುಗಳೆಲ್ಲ ಖಾಲಿ. ‘ಒಪ್ಪುವವರು ಕೈ ಎತ್ತಿ’ ಎಂದರು ಅಧ್ಯಕ್ಷರು. ವಹಾಬ್ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡರು. ಕಣ್ಣಲ್ಲಿ ನೀರು ಬಂತು. ಮನಸ್ಸಿನಲ್ಲೇ ಗೆಳೆಯನ ಕ್ಷಮೆ ಕೇಳಿದರು.

ಪರ ಹದಿನೆಂಟು, ವಿರೋಧ ಹದಿನೇಳು. ಒಂದೇ ಒಂದು ಮತದಿಂದ ಗೆದ್ದಿತು.

“ಶಿವಮೊಗ್ಗ ಪರ,” ಎಂದು ಸಭೆಯ ಗುಮಾಸ್ತ ಬರೆದುಕೊಂಡದ್ದು ಕೇಳಿ ವಹಾಬ್ ಎದ್ದರು. “ಜನಾಬ್, ನಾನು ಕೈ ಎತ್ತಲಿಲ್ಲ.”

ಗುಮಾಸ್ತ ಗೊಂದಲದಿಂದ ನೋಡಿದ. “ನೀವಲ್ಲ, ನಿಮ್ಮ ಪಕ್ಕದಲ್ಲಿದ್ದರಲ್ಲ, ಅವರು. ಹೆಬ್ಬೆರಳಿಗೆ ಶಾಯಿ ಹತ್ತಿತ್ತು. ನಾನೇ ಎಣಿಸಿದ್ದು.”

ಪಕ್ಕದ ಕುರ್ಚಿ ಖಾಲಿಯಿತ್ತು. ಅಧ್ಯಕ್ಷರು ಆಗಲೇ ಮುಂದಿನ ವಿಷಯಕ್ಕೆ ಹೋಗಿದ್ದರು.

ವಾಪಸು ಬರುತ್ತ ವಹಾಬ್ ಭದ್ರಾವತಿಯಲ್ಲೇ ಇಳಿದು ನ್ಯೂ ಟೌನಿಗೆ ನಡೆದರು. ಜಲಜಮ್ಮ ಕಾದಿದ್ದವರಂತೆ ಬಾಗಿಲಲ್ಲೇ ನಿಂತಿದ್ದರು. ಕೈಯಲ್ಲಿ ಹಕ್ಕಿಗಳ ಪುಸ್ತಕ.

“ಮಂಗಳವಾರ ಮಧ್ಯಾಹ್ನ ಅವರ ಕುರ್ಚಿ ಮೇಲಿತ್ತು ವಹಾಬಣ್ಣ. ನಾನು ನೂರು ಸಲ ಒರೆಸಿದ ಕುರ್ಚಿ. ಓದಿ ಮುಗಿಸಿದ್ರು ಅನ್ಸುತ್ತೆ, ತಗೊಂಡ್ಹೋಗಿ.”

ಪುಸ್ತಕದ ಹಿಂದಿನ ಚೀಟಿಯಲ್ಲಿ ನ್ಯೂ ಟೌನಿನ ಸೀಲು ಬಿದ್ದಿತ್ತು. ಡಿಸೆಂಬರ್ ಹತ್ತೊಂಬತ್ತು.

“ಈ ಸೀಲು ಎಲ್ಲಿದೆ ಅಕ್ಕ?”

“ಟ್ರಂಕಿನಲ್ಲಿ. ಅವರು ಹೋದ ದಿನ ಬೀಗ ಹಾಕಿದ್ದು, ಇನ್ನೂ ತೆಗೆದಿಲ್ಲ.”

ಪುಸ್ತಕ ಬಂದ ಮೇಲೆ ನಿಯಮವೆಂದರೆ ನಿಯಮ. ದುರ್ಗಿಗುಡಿಗೆ ಬಂದ ವಹಾಬ್ ಡಬ್ಬಿಯಿಂದ ಸುಬ್ಬಪ್ಪನ ಕಾರ್ಡು ತೆಗೆದರು. ಆಷಾಢದಲ್ಲಿ ಮಣ್ಣು ಹಾಕುವಾಗ ಬಾರದ ಅಳು ಆಗ ಬಂತು. ಮಹಾಮಂಡಲಿಗೆ ಕಾಗದ ಬರೆದು ತಪ್ಪೊಪ್ಪಿಕೊಂಡರು. ಮತ ದಾಖಲಾಗಿದೆ, ರುಜುವೂ ಇದೆ, ಮತ್ತೇನೂ ಮಾಡುವಂತಿಲ್ಲ ಎಂದು ಉತ್ತರ ಬಂತು. ಇನ್ನೆಂದೂ ಅವರು ಸಂಘದ ಪ್ರತಿನಿಧಿಯಾಗಿ ಹೋಗಲಿಲ್ಲ.

ಕಾರ್ಡು ತೆಗೆದ ದಿನ ಸಂಜೆ ಐದಕ್ಕೆ ರುಜು ಇಪ್ಪತ್ತೊಂಬತ್ತು, ತಲೆ ಇಪ್ಪತ್ತೊಂಬತ್ತು. ಮರುದಿನವೂ ತಾಳೆಯಾಯಿತು. ಆಮೇಲೆ ವಾಚನಾಲಯಕ್ಕೆ ಹೊಸ ಕಪಾಟುಗಳು ಬಂದವು, ಹೊಸ ಬೆಂಚುಗಳು ಬಂದವು, ವಹಾಬರ ಗಡ್ಡ ಬೆಳ್ಳಗಾಯಿತು. ಲೆಕ್ಕ ಒಂದು ದಿನವೂ ತಪ್ಪಲಿಲ್ಲ. ಆದರೂ ಭಾನುವಾರಗಳಲ್ಲಿ ಅವರು ಎರಡೆರಡು ಸಲ ಎಣಿಸುತ್ತಿದ್ದರು. ಒಂದಾದರೂ ಹೆಚ್ಚು ಬರಲಿ ಎಂದು.