ಅಳಿಸುವ ಮುಂಚೆ ಒಂದು ಮಾತು

ಮೇಡಂ ಅವರ ಬಲಗೈ ತೋರುಬೆರಳು ತುದಿಯ ಗೆಣ್ಣಿನಲ್ಲಿ ಎಡಕ್ಕೆ ಬಾಗಿತ್ತು. ಕಂಪ್ಯೂಟರ್ ಪರದೆಯ ಮೇಲೆ ಅವರು ಒಂದು ಚೌಕ ತೋರಿಸಿದರೆ ನನಗೆ ಅದರ ಪಕ್ಕದ್ದು ಕಾಣುತ್ತಿತ್ತು. ನಾನು ಅಲ್ಲೇ ಟೈಪ್ ಮಾಡಿಬಿಡುತ್ತಿದ್ದೆ. "ಬೆರಳು ನೋಡ್ಬೇಡೀಮ್ಮಾ, ಅದು ಯಾವಾಗ್ಲೂ ಪಕ್ಕದ ಮನೆಗೇ ಹೋಗುತ್ತೆ. ನನ್ ಮಾತು ಕೇಳಿ," ಎಂದು ನಗುತ್ತಿದ್ದರು. ಕೊನೆಗೆ ಮನೆಯಿಂದ ಒಂದು ಹೆಣಿಗೆ ಕಡ್ಡಿ ತಂದಿಟ್ಟುಕೊಂಡರು. ಅದರ ನೀಲಿ ತುದಿಯಿಂದ ತೋರಿಸತೊಡಗಿದ ಮೇಲೆ ತಪ್ಪುಗಳೆಲ್ಲ ನನ್ನವೇ ಆದವು.

ಹಲಸೂರಿನ ಹಳೆಯ ಎರಡಂತಸ್ತಿನ ಮನೆಯೊಂದರಲ್ಲಿ ನಡೆಯುವ ಪುಟ್ಟ ಶಾಲೆ ಅದು. ಮಾತು ಬಾರದ, ನಡಿಗೆ ನಿಧಾನವಾದ ಮಕ್ಕಳು ಬರುತ್ತಾರೆ. ಮಗಳು ಕಾಲೇಜಿಗೆ ಸೇರಿದ ಮೇಲೆ ನಾನು ಇಂದಿರಾನಗರದಿಂದ ಅಲ್ಲಿಗೆ ಸಹಾಯಕ್ಕೆ ಹೋಗತೊಡಗಿದೆ. ಕಾನ್ವೆಂಟಿನಲ್ಲಿ ಸಿಸ್ಟರುಗಳು ತಿದ್ದಿಸಿದ ನನ್ನ ದುಂಡು ಅಕ್ಷರ ನೋಡಿ ಮೆಚ್ಚಿ ಶಾಲೆಯವರು ಆಫೀಸಿನಲ್ಲಿ ಕೂರಿಸಿದರು. ಅಲ್ಲಿ ಕೈಯಲ್ಲಿ ಬರೆಯುವ ಕೆಲಸವೇ ಇರಲಿಲ್ಲ! ವಿಮಾನ ಕಾರ್ಖಾನೆಯ ಆಫೀಸಿನಿಂದ ನಿವೃತ್ತರಾಗಿದ್ದ ಮೇಡಂ ದಿನಾ ವಿಮಾನಪುರದಿಂದ ಬಸ್ಸಿನಲ್ಲಿ ಬಂದು ಶಾಲೆಯ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದರು. ನನಗೆ ಕಂಪ್ಯೂಟರ್ ಕಲಿಸಿದವರು ಅವರೇ. ಶುಕ್ರವಾರವಾದರೆ ರಸೆಲ್ ಮಾರ್ಕೆಟ್ಟಿಗೆ ಹೋಗಿ ಕನಕಾಂಬರ ತರುತ್ತಿದ್ದರು. ಅದರಲ್ಲಿ ಒಂದು ತುಂಡು ನನ್ನ ಜಡೆಗೆ, ಒಂದು ತುಂಡು ಶಾಲೆಯ ವ್ಯಾನಿನ ಕನ್ನಡಿಗೆ.

ಮಹಡಿಯ ಮೇಲಿನ ಕಂಪ್ಯೂಟರ್ ಅವರದು, ಕೆಳಗಿನದು ನನ್ನದು. ಯಾವ ಮಗುವನ್ನು ವ್ಯಾನು ಎಲ್ಲಿಂದ ಹತ್ತಿಸಿಕೊಳ್ಳಬೇಕು ಎಂಬ ಎಕ್ಸೆಲ್ ಫೈಲು ಎರಡಕ್ಕೂ ಸೇರಿ ಒಂದೇ. ಮೇಲೆ ಅವರು ತೆರೆದಿದ್ದರೆ ಕೆಳಗೆ ನನಗೆ ಬೀಗ: ಇಂಥವರು ತಿದ್ದುತ್ತಿದ್ದಾರೆ ಎಂದು ಹೆಸರು ಸಮೇತ ಬರುತ್ತಿತ್ತು. ಅದು ಒಳ್ಳೆಯದೇ. ಆದರೆ ನಡುವೆ ಕರೆಂಟು ಹೋದರೆ, ತೆರೆದವರು ಎದ್ದು ಹೋಗಿದ್ದರೂ ಬೀಗ ಹಾಗೇ ಉಳಿದುಬಿಡುತ್ತಿತ್ತು. ಹಲಸೂರಿನಲ್ಲಿ ಕರೆಂಟು ಹೋಗುವುದಕ್ಕೆ ಮಳೆಯೇ ಬೇಕೆಂದಿಲ್ಲ. ಫೈಲಿನ ಪಕ್ಕದಲ್ಲೇ ಅಡಗಿ ಕೂತಿರುವ ಒಂದು ಚಿಕ್ಕ ಬೀಗದ ಫೈಲನ್ನು ಹುಡುಕಿ ಅಳಿಸಿದರೆ ಆಯಿತು, ತೆರೆದುಕೊಳ್ಳುತ್ತದೆ. ಅರ್ಧ ನಿಮಿಷದ ಕೆಲಸ.

ಮೇಡಂ ಮಾಡಿದರೆ ಹತ್ತು ನಿಮಿಷ. ನನ್ನ ಹೆಸರಿನಲ್ಲಿ ಬೀಗ ಬಿದ್ದಿದ್ದರೆ ಅವರು ಕಂಬಿ ಹಿಡಿದು, ಮಂಡಿ ನೋವಿಗೆ ಒಂದೊಂದು ಮೆಟ್ಟಿಲಿಗೂ ನಿಂತು ಕೆಳಗೆ ಬರುತ್ತಿದ್ದರು.

"ಫೈಲ್ ತೆಗ್ದಿದ್ದೀರೇನಮ್ಮಾ?"

"ಇಲ್ಲ ಮೇಡಂ."

"ಖಂಡಿತಾ?"

"ಖಂಡಿತಾ."

ಆಮೇಲೆ ಮತ್ತೆ ಮೇಲೆ ಹತ್ತಿ ಹೋಗಿ ಅಳಿಸುತ್ತಿದ್ದರು. "ಮೆಟ್ಟಿಲಲ್ಲೇ ನಿಂತು ಕೂಗಬಾರ್ದಾ ಮೇಡಂ?" ಎಂದು ಒಮ್ಮೆ ಕೇಳಿದೆ.

"ಕೂಗಿದ್ರೆ ನೀವು ಏನಕ್ಕೆ ಅಂತ ಗೊತ್ತಾಗ್ದೇ ‘ಇಲ್ಲ’ ಅಂದ್ಬಿಡ್ತೀರಿ. ಮುಖ ನೋಡಿ ಕೇಳ್ಬೇಕು. ಬೀಗ ಸುಳ್ಳಿರಬಹುದು ಕಣಮ್ಮಾ, ಒಳಗೆ ಯಾರೋ ಅರ್ಧ ಬರೆದಿಟ್ಟಿರೋದು ಸುಳ್ಳಾಗಲ್ವಲ್ಲ."

ಒಂದು ಗುರುವಾರ ಸಂಜೆ ಮೇಡಂ ಕುರ್ಚಿಯಲ್ಲೇ ಕುಸಿದರು. ಮಕ್ಕಳಿಗೆ ವ್ಯಾಯಾಮ ಮಾಡಿಸುವ ಹುಡುಗಿಯೂ ವ್ಯಾನ್ ಡ್ರೈವರೂ ಅವರನ್ನು ಆಸ್ಪತ್ರೆಗೆ ಸೇರಿಸಿದರು. ಆ ದಿನ ನಾನು ಇರಲಿಲ್ಲ. ಮಾರನೆಯ ಬೆಳಗ್ಗೆ ಬಂದು, ಜ್ವರ ಬಂದ ಒಂದು ಮಗುವಿನ ಹೆಸರು ತೆಗೆದು ಹೊಸ ಪಟ್ಟಿ ಪ್ರಿಂಟ್ ಮಾಡಿಕೊಡಲು ಫೈಲು ಮುಟ್ಟಿದರೆ, ಬೀಗ. ಮೇಡಂ ಹೆಸರು.

"ರಾತ್ರಿಯೆಲ್ಲಾ ಕರೆಂಟ್ ಇರ್ಲಿಲ್ವಂತೆ ಆಂಟಿ, ಅದಕ್ಕೇ. ಡಿಲೀಟ್ ಮಾಡಿ," ಎಂದಳು ವ್ಯಾಯಾಮದ ಹುಡುಗಿ. "ಅವ್ರು ಆಸ್ಪತ್ರೇಲಿ ಡ್ರಿಪ್ ಹಾಕಿಸ್ಕೊಂಡು ಮಲಗಿದ್ದಾರೆ. ಎಕ್ಸೆಲ್ ತಿದ್ತಾ ಇರ್ತಾರಾ?"

ಡ್ರೈವರ್ ಬಾಗಿಲಲ್ಲಿ ಕೀ ಆಡಿಸುತ್ತಾ ನಿಂತಿದ್ದ. "ಕೊಡಿ ಅಕ್ಕಾ ಬೇಗ, ಹಳೇ ಮದ್ರಾಸ್ ರೋಡ್ ಜಾಮ್ ಆದ್ರೆ ಮುಗೀತು ನನ್ ಕಥೆ."

ಅವರು ಹೇಳಿದ್ದು ಸರಿಯೇ. ಕೈ ಅಳಿಸುವ ಗುಂಡಿಯ ಮೇಲಿತ್ತು. ಯಾಕೋ ಎದ್ದೆ. "ಒಂದ್ನಿಮಿಷ," ಎಂದು ಮಹಡಿ ಹತ್ತಿದೆ.

ಕುರ್ಚಿಯ ಬೆನ್ನಿಗೆ ಅವರ ಬೂದು ಸ್ವೆಟರ್ ಹಾಗೇ ಇತ್ತು. ಹೆಣಿಗೆ ಕಡ್ಡಿ ಕೀಬೋರ್ಡಿನ ಮೇಲೆ ಅಡ್ಡ ಬಿದ್ದಿತ್ತು. ಕಂಪ್ಯೂಟರ್ ಹಾಕಿ ಫೈಲು ತೆರೆದೆ. ನಿನ್ನೆ ಉಳಿಸದೆ ಬಿಟ್ಟ ಕೆಲಸವಿದೆ, ಮರಳಿ ಬೇಕೇ ಎಂದು ಕೇಳಿತು. ಬೇಕು ಎಂದೆ.

ಬದಲಾಗಿದ್ದದ್ದು ಒಂದೇ ಸಾಲು. ಟಿಫನ್ ಡಬ್ಬಿಯನ್ನು ಎರಡೂ ಕೈಯಲ್ಲಿ ಎದೆಗೊತ್ತಿಕೊಂಡು ಬರುವ, ಒಂದು ಮಾತೂ ಆಡದ ಹುಡುಗಿಯ ಸಾಲು. ಅವಳು ಹಲಸೂರಿನ ಅಜ್ಜಿಯ ಮನೆಯಿಂದ ಬರುತ್ತಿದ್ದಳು. ಅದನ್ನು ಅಳಿಸಿ ಮೇಡಂ ಬರೆದಿದ್ದರು: "ಶುಕ್ರವಾರದಿಂದ ಕೆ.ಆರ್. ಪುರಂ ಸ್ಟೇಷನ್ ಎದುರು, ಎಳನೀರು ಗಾಡಿ ಹತ್ತಿರ. ತಾಯಿ ಬಿಟ್ಟು ಕೆಲಸಕ್ಕೆ ಹೋಗು". ಅಲ್ಲಿಗೆ ನಿಂತಿತ್ತು.

ವ್ಯಾನು ತಡವಾದರೆ ಆ ಮಗು ಕಾಯುವುದಿಲ್ಲ, ನಡೆಯಲು ಶುರುಮಾಡುತ್ತದೆ. ಅದೂ ಆ ರಸ್ತೆಯಲ್ಲಿ. ಮೆಟ್ಟಿಲಿನಿಂದಲೇ ಕೂಗಿದೆ: "ಅಣ್ಣಾ, ಪಟ್ಟಿ ಆಮೇಲೆ! ಮೊದ್ಲು ಕೆ.ಆರ್. ಪುರಂ, ಸ್ಟೇಷನ್ ಎದುರು, ಎಳನೀರು ಗಾಡಿ!"

ಎಳನೀರಿನವನು ವ್ಯಾಪಾರ ಬಿಟ್ಟು ಮಗುವಿನ ಬ್ಯಾಗಿನ ಪಟ್ಟಿ ಹಿಡಿದುಕೊಂಡು ನಿಂತಿದ್ದನಂತೆ. "ಎಷ್ಟೊತ್ತಯ್ಯಾ ಬರೋದು? ಎರಡು ಸಲ ಬ್ರಿಡ್ಜ್ ಕಡೆ ಹೊರಟಿದ್ಲು ಈ ಪಾಪು," ಎಂದು ಡ್ರೈವರಿಗೆ ಚೆನ್ನಾಗಿ ಬೈದನಂತೆ.

ಮಧ್ಯಾಹ್ನ ಆಸ್ಪತ್ರೆಗೆ ಹೋದೆ. ನನ್ನನ್ನು ಕಂಡ ಕೂಡಲೇ ಮೇಡಂ ಏಳಲು ನೋಡಿದರು. "ಆ ಮಗು... ಅವರಮ್ಮ ಫೋನ್ ಮಾಡಿದ್ರು..."

"ಬಂತು ಮೇಡಂ. ಸ್ಕೂಲಲ್ಲೇ ಇದೆ. ಮೇಲೆ ಹೋಗಿ ನೋಡ್ದೆ."

"ನಾನಿಲ್ಲ ಅಂತ ಗೊತ್ತಿತ್ತಲ್ಲಮ್ಮಾ?"

"ಗೊತ್ತಿತ್ತು."

ಆ ಬಾಗಿದ ಬೆರಳನ್ನು ನನ್ನ ಮಣಿಕಟ್ಟಿನ ಮೇಲಿಟ್ಟು ಕಣ್ಣು ಮುಚ್ಚಿಕೊಂಡರು. ಮತ್ತೆ ಅವರು ಶಾಲೆಗೆ ಬರಲಿಲ್ಲ. ಆ ತಿಂಗಳ ಕೊನೆಯಲ್ಲಿ ತೀರಿಕೊಂಡರು.

ಮಹಡಿಯ ಕಂಪ್ಯೂಟರಿನಲ್ಲಿ ಈಗ ಒಬ್ಬ ಹೊಸ ಟೀಚರ್ ಕೂರುತ್ತಾಳೆ. ಅದರೊಳಗಿನ ಹೆಸರನ್ನು ಮಾತ್ರ ಯಾರೂ ಬದಲಾಯಿಸಿಲ್ಲ. ಕರೆಂಟು ಹೋಗಿ ಬಂದಾಗ ನನ್ನ ಪರದೆಯ ಮೇಲೆ ಇಂದಿಗೂ ಮೇಡಂ ತಿದ್ದುತ್ತಿದ್ದಾರೆ ಎಂದೇ ಬರುತ್ತದೆ. ನಾನು ಎದ್ದು ಕಂಬಿ ಹಿಡಿದು ಹತ್ತುತ್ತೇನೆ. ಈಗೀಗ ನನಗೂ ಮಂಡಿ ನೋವು.

"ಫೈಲ್ ತೆಗ್ದಿದ್ದೀಯೇನಮ್ಮಾ?"

"ಅಯ್ಯೋ ಇಲ್ಲ ಆಂಟಿ! ಅಲ್ಲಿಂದ್ಲೇ ಕೂಗಿದ್ರೆ ಆಗ್ತಿತ್ತಲ್ವಾ?" ಎಂದು ಅವಳು ನಗುತ್ತಾಳೆ.

ನಾನು ಅವಳ ಮುಖ ನೋಡಿ ಇನ್ನೊಂದು ಸಲ ಕೇಳುತ್ತೇನೆ.

"ಖಂಡಿತಾ?"