ಗಂಟಷ್ಟೇ ತೆಗೆದರೆ ಸಾಕೇ?

ಡಾಕ್ಟರಮ್ಮನ ಎದುರು ಕೂತು ನಾನು ಕುರಿಯ ಕೆಚ್ಚಲಿನ ಮಾತು ಎತ್ತಿಬಿಟ್ಟೆ.

ನಗಬೇಡಿ. ನಾನು ಓದಿದ್ದು ನಾಲ್ಕನೇ ಕ್ಲಾಸು, ಬದುಕಿದ್ದು ಕುದಾಪುರದ ಕಾವಲಿನಲ್ಲಿ ಕುರಿ ಮೇಯಿಸಿಕೊಂಡು. ಗೊತ್ತಿರುವುದನ್ನೇ ತಾನೇ ಹೇಳುವುದು?

ಮೊಮ್ಮಗಳು ಶಾಂತಾ ಮದುವೆಯಾಗಿ ಮೊಳಕಾಲ್ಮೂರಿಗೆ ಹೋದ ಮೇಲೆ ಮಗ್ಗ ಕಲಿತವಳು. ರೇಷ್ಮೆ ಸೀರೆ ನೇಯುತ್ತಾಳೆ. ಅವಳ ಎದೆಯಲ್ಲಿ ಗಂಟು ಸಿಕ್ಕಿತು. ಪರೀಕ್ಷೆಯಲ್ಲಿ ಕ್ಯಾನ್ಸರ್ ಅಂತ ಬಂತು. ಶುರುವಿನಲ್ಲೇ ಸಿಕ್ಕಿದೆ ಅಂದರೂ ನಾನು ಅವಳ ಜೊತೆ ಆಸ್ಪತ್ರೆಗೆ ಹೊರಟೇಬಿಟ್ಟೆ.

ಡಾಕ್ಟರಮ್ಮ ಎರಡು ದಾರಿ ಹೇಳಿದರು. ಒಂದು, ಗಂಟು ಮತ್ತು ಸುತ್ತಲಿನ ಒಂಚೂರು ಭಾಗ ಮಾತ್ರ ತೆಗೆದು, ಆಮೇಲೆ ಕೆಲವು ವಾರ ರೇಡಿಯೇಷನ್ (ನಮ್ಮ ಕಡೆ ಕರೆಂಟು ಕೊಡೋದು ಅಂತೀವಿ). ಇಲ್ಲವೇ ಇಡೀ ಸ್ತನ ತೆಗೆಯುವುದು. ಆಗ ಕರೆಂಟು ಬೇಕಾಗದೆಯೂ ಇರಬಹುದು. ಇವಳ ವಿಷಯದಲ್ಲಿ ಯಾವುದು ಮಾಡಿದರೂ ಜೀವ ಉಳಿಯುವ ಸಾಧ್ಯತೆ ಸಮವೇ ಎಂದರು.

ಸಮ ಅಂದರೆ ಯಾರು ನಂಬುತ್ತಾರೆ? ಪೂರ್ತಿ ತೆಗೆಸಿಬಿಡಿ ಅಂತ ಮನೆಯವರದೆಲ್ಲ ಒಂದೇ ರಾಗ. ಮೊದಲ ದನಿ ನನ್ನದೇ. ಬಾವು ಬಂದ ಕೆಚ್ಚಲು ಕತ್ತರಿಸಿದ್ದಕ್ಕೇ ನಮ್ಮ ಕುರಿ ಉಳಿಯಿತು ಅಂತ ವಿವರವಾಗಿ ವರ್ಣಿಸಿದೆ. (ಶಾಂತಾಳ ಗಂಡ ನೆಲ ನೋಡುತ್ತಿದ್ದ.)

ಶಾಂತಾ ತಣ್ಣಗೆ ಅಂದಳು: "ಕುರೀನ ಯಾರೂ ಕೇಳಲ್ಲ ತಾತ. ನನ್ನ ಕೇಳ್ತಾ ಅವ್ರೆ."

ಆಮೇಲೆ ಅವಳದೇ ಪ್ರಶ್ನೆಗಳು, ಡಾಕ್ಟರಮ್ಮನ ಉತ್ತರಗಳು. ಉಳಿಸಿದ ಕಡೆ ಮತ್ತೆ ಬರುತ್ತಾ? ಸ್ವಲ್ಪ ಸಾಧ್ಯತೆ ಇದೆ, ಕರೆಂಟು ಕೊಡುವುದು ಅದಕ್ಕೇ, ಆಮೇಲೆ ತಪಾಸಣೆಗೂ ಬರುತ್ತಿರಬೇಕು. ತೆಗೆದ ತುಂಡಿನ ಅಂಚಿನಲ್ಲಿ ರೋಗ ಕಂಡರೆ? ಇನ್ನೊಂದು ಆಪರೇಷನ್. ಮಗ್ಗಕ್ಕೆ ಕೈ ಏಳುತ್ತಾ? ವ್ಯಾಯಾಮ ಬಿಡದಿದ್ದರೆ ಏಳುತ್ತದೆ. ಎಲ್ಲ ಕೇಳಿಸಿಕೊಂಡು, "ಗಂಟು ಮಾತ್ರ ತೆಗೀರಿ ಮೇಡಂ" ಅಂದಳು.

ಆಪರೇಷನ್‌ಗೆ ಸೇರಿದಾಗ ಪಕ್ಕದ ಮಂಚದಲ್ಲಿ ಇದೇ ಕಾಯಿಲೆಗೆ ಬಂದಿದ್ದ ದೇವಸಮುದ್ರದ ಹೆಂಗಸು ಪೂರ್ತಿ ತೆಗೆಸಿಕೊಂಡಳು. ಕರೆಂಟಿಗೆ ಅಂತ ದಿನಾ ಅಷ್ಟು ದೂರ ಬಸ್ಸು ಹತ್ತಲು ಆಗಲ್ಲ, ತೆಗೆಸಿಬಿಟ್ಟರೆ ರಾತ್ರಿ ನಿದ್ದೆಯಾದರೂ ಬರುತ್ತೆ ಅನ್ನುವುದು ಆಯಮ್ಮನ ಲೆಕ್ಕ. ಅದೂ ಸರಿಯೇ. ಇಬ್ಬರೂ ಈಗ ಫೋನಿನಲ್ಲಿ ಹರಟೆ ಹೊಡೆಯುತ್ತಾರೆ.

ಅಂಚು ಕ್ಲೀನ್ ಇದೆ ಅಂತ ರಿಪೋರ್ಟು ಬಂದಾಗ ನಾನು ವರಾಂಡದಲ್ಲೇ ಟವೆಲ್ ಬೀಸಿ ಕುಣಿದೆ. (ಸೆಕ್ಯೂರಿಟಿಯವನು ಬೈದ. ಬೈಯಲಿ!) ಕರೆಂಟೂ ಮುಗಿಯಿತು. ಮೊನ್ನೆ ಹೋದರೆ ಹುಡುಗಿ ಮಗ್ಗದ ಮುಂದೆ ಕೂತು, ಅಡ್ಡ ನಿಂತ ನನ್ನನ್ನೇ ಗದರುತ್ತಾಳೆ, ಬೆಳಕು ಬಿಡು ತಾತ ಅಂತ. ಬೈಸಿಕೊಳ್ಳುವುದರಲ್ಲಿ ಇಷ್ಟು ಸುಖವಿದೆಯಾ?

ನಿನ್ನೆ ಸಿದ್ದಾಪುರದಿಂದ ಒಬ್ಬರು ಶಾಂತಾಳ ಸುದ್ದಿ ಕೇಳಿ ನನಗೆ ಫೋನ್ ಮಾಡಿದ್ದರು. ಹೆಂಡತಿಗೂ ಇದೇ ಕಾಯಿಲೆಯಂತೆ, ಪೂರ್ತಿಯೋ ಗಂಟಷ್ಟೆಯೋ ನೀವೇ ಹೇಳಿ ಅಂದರು.

"ಮೊದ್ಲು ಫೋನು ನಿಮ್ಮ ಹೆಂಡ್ತಿ ಕೈಗೆ ಕೊಡ್ರಿ" ಅಂದೆ.